ಫಾಸ್ಟ್ ಟ್ವಿಸ್ಟ್ ರೈಫಲ್‌ಗೆ ತಾಮ್ರದ ಗುಂಡು: ಪದೇ ಪದೇ ಕೇಳುವ ಪ್ರಶ್ನೆಗಳು

ತೋಟಾವನ್ನು ಕೈಯಾರೆ ತುಂಬುವುದು ಗೊತ್ತಿದ್ದು, ಸೀಸದ ಗುಂಡಿನಿಂದ ಪೂರ್ತಿ ತಾಮ್ರದ ಗುಂಡಿಗೆ ಬದಲಾಗುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಕಾನೂನು ಒಪ್ಪುವ ಕಡೆ, ಲೈಸೆನ್ಸ್ ಇರುವವರು ಮಾಡುವ ಕೆಲಸ ಇದು. ಮದ್ದಿನ ತೂಕ ಇಷ್ಟೇ ಅಂತ ಇಲ್ಲಿ ಎಲ್ಲೂ ಹೇಳಿಲ್ಲ. ಅದನ್ನು ಗುಂಡು ಮತ್ತು ಮದ್ದು ತಯಾರಿಸುವವರ ಲೋಡಿಂಗ್ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಬೇಕು.

ಮಾನೋಲಿಥಿಕ್ ಗುಂಡು ಅಂದ್ರೇನು?

ಒಂದೇ ಲೋಹದಿಂದ ಮಾಡಿದ ಗುಂಡು. ಸಾಮಾನ್ಯ ಬೇಟೆ ಗುಂಡಿನಲ್ಲಿ ಒಳಗೆ ಸೀಸ, ಹೊರಗೆ ತಾಮ್ರದ ತೆಳು ಹೊದಿಕೆ ಇರುತ್ತದೆ. ಇದರಲ್ಲಿ ಆ ಎರಡು ಪದರ ಇಲ್ಲ. ಬರೀ ತಾಮ್ರ, ಇಲ್ಲವೇ ತಾಮ್ರಕ್ಕೆ ಸ್ವಲ್ಪ ಸತು ಬೆರೆಸಿದ ಗಿಲ್ಡಿಂಗ್ ಮೆಟಲ್. ಮೂತಿಯಲ್ಲಿ ಒಂದು ಟೊಳ್ಳು ಇರುತ್ತದೆ. ಪ್ರಾಣಿಯ ಮೈಯೊಳಗೆ ಹೋದಾಗ ಆ ಟೊಳ್ಳಿಗೆ ದ್ರವದ ಒತ್ತಡ ನುಗ್ಗಿ, ಮೂತಿ ಹೂವಿನ ಎಸಳಿನ ಹಾಗೆ ಬಿರಿಯುತ್ತದೆ. ಎಸಳು ಮುರಿಯದಿದ್ದರೆ ತೂಕ ಹೆಚ್ಚುಕಮ್ಮಿ ಪೂರ್ತಿ ಉಳಿಯುತ್ತದೆ. ಎಸಳು ಬೇಕಂತಲೇ ಕಳಚಿಕೊಂಡು, ಹಿಂಭಾಗ ಮಾತ್ರ ಮುಂದೆ ಸಾಗುವ ವಿನ್ಯಾಸಗಳೂ ಇವೆ.

ಬಾರ್ನ್ಸ್ ಕಂಪನಿಯ ಎಕ್ಸ್ ಬುಲೆಟ್ 1989ರಲ್ಲಿ ಬಂದ ಮೇಲೆ ಈ ಜಾತಿಯ ಗುಂಡು ಬೇಟೆಗಾರರ ಕೈಗೆ ದೊಡ್ಡ ಮಟ್ಟದಲ್ಲಿ ಸಿಕ್ಕಿತು. ಈಗ ಬಹುತೇಕ ಎಲ್ಲ ದೊಡ್ಡ ಕಂಪನಿಗಳೂ ಮಾಡುತ್ತವೆ.

ಇದಕ್ಕೆ ಫಾಸ್ಟ್ ಟ್ವಿಸ್ಟ್ ಯಾಕೆ ಬೇಕು? ತೂಕ ಅಷ್ಟೇ ಇದೆಯಲ್ಲ?

ತೂಕ ಅಷ್ಟೇ ಇರಬಹುದು, ಉದ್ದ ಅಷ್ಟೇ ಇರುವುದಿಲ್ಲ. ಮಿಕ್ಕಿದ್ದೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಒಂದು ಘನ ಸೆಂಟಿಮೀಟರ್ ಸೀಸ 11.34 ಗ್ರಾಂ ತೂಗಿದರೆ, ಅಷ್ಟೇ ತಾಮ್ರ 8.96 ಗ್ರಾಂ ತೂಗುತ್ತದೆ. ಗುಂಡಿನ ದಪ್ಪವನ್ನು ನಾವು ಬದಲಿಸುವ ಹಾಗಿಲ್ಲ, ಬ್ಯಾರಲ್ ಎಷ್ಟೋ ಅಷ್ಟೇ. ಹಗುರ ಲೋಹದಲ್ಲಿ ಅದೇ ತೂಕ ಬರಬೇಕು ಅಂದರೆ ಗುಂಡು ಉದ್ದ ಆಗಲೇಬೇಕು. ಉದ್ದವಾದ ಗುಂಡು ಗಾಳಿಯಲ್ಲಿ ಮಗುಚಲು ನೋಡುತ್ತದೆ. ಮೂತಿ ಮುಂದಕ್ಕೇ ಇರಬೇಕಾದರೆ ಬುಗುರಿಯ ಹಾಗೆ ಜೋರಾಗಿ ತಿರುಗಬೇಕು. ಆ ತಿರುಗನ್ನು ಕೊಡುವುದು ಬ್ಯಾರಲ್‌ನ ಟ್ವಿಸ್ಟ್. 1:8 ಅಂದರೆ ಗುಂಡು 8 ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು. ಎರಡನೇ ಅಂಕಿ ಚಿಕ್ಕದಾದಷ್ಟೂ ತಿರುಗು ಜಾಸ್ತಿ.

ನಾನು ಇದನ್ನು ಕಲಿತದ್ದು ಒಂದು ಹಳೇ .223 ರೈಫಲ್‌ನಿಂದ. ಅದರ ಟ್ವಿಸ್ಟ್ 1:12. 55 ಗ್ರೇನ್ (ಗುಂಡು, ಮದ್ದು ತೂಗುವ ಅಳತೆ) ಸೀಸದ ಗುಂಡಿಗೆ ಅದು ಚಿನ್ನದಂಥ ರೈಫಲ್. ಬರೀ 7 ಗ್ರೇನ್ ತಾನೇ ಜಾಸ್ತಿ ಅಂತ 62 ಗ್ರೇನ್ ತಾಮ್ರದ ಗುಂಡು ತುಂಬಿಕೊಂಡು ಹೋದೆ. 50 ಗಜದಲ್ಲೇ ಕಾಗದದ ಮೇಲೆ ದುಂಡು ತೂತಿನ ಬದಲು ಅಡ್ಡಡ್ಡ ಸೀಳು ಬಿತ್ತು. ಗುಂಡು ಪಕ್ಕಕ್ಕೆ ಮಗುಚಿಕೊಂಡು ಹೋಗಿತ್ತು. ಮನೆಗೆ ಬಂದು ಲೆಕ್ಕ ಹಾಕಿದರೆ ಸ್ಥಿರತೆ 0.75 ಕೂಡ ದಾಟಿರಲಿಲ್ಲ. ಅದೇ ಗುಂಡು 1:8 ಬ್ಯಾರಲ್‌ನಲ್ಲಿ 1.6 ದಾಟುತ್ತದೆ.

ನನ್ನ ಬ್ಯಾರಲ್‌ಗೆ ಒಂದು ಗುಂಡು ಹೊಂದುತ್ತದೋ ಇಲ್ಲವೋ, ಲೆಕ್ಕ ಹಾಕುವುದು ಹೇಗೆ?

1879ರಲ್ಲಿ ಗ್ರೀನ್‌ಹಿಲ್ ಎಂಬ ಇಂಗ್ಲಿಷ್ ಗಣಿತಜ್ಞ ಫಿರಂಗಿಗಾಗಿ ಮಾಡಿದ ಸೂತ್ರ ತುಂಬಾ ಕಾಲ ಓಡಿತು. ಈಗ ಹೆಚ್ಚಿನವರು ಬಳಸುವುದು ಡಾನ್ ಮಿಲ್ಲರ್ 2005ರಲ್ಲಿ ಕೊಟ್ಟ ಸೂತ್ರ. ಗುಂಡಿನ ತೂಕ, ದಪ್ಪ, ಉದ್ದ, ಟ್ವಿಸ್ಟ್ ಇಷ್ಟು ಹಾಕಿದರೆ ಒಂದು ಅಂಕಿ ಬರುತ್ತದೆ. ಅದನ್ನು ಸ್ಥಿರತೆಯ ಅಂಕಿ ಅನ್ನೋಣ. ವೇಗ ಮತ್ತು ಹವೆಗೆ ಸಣ್ಣ ತಿದ್ದುಪಡಿ ಇದೆ. ಬಹಳಷ್ಟು ಬ್ಯಾಲಿಸ್ಟಿಕ್ ಆ್ಯಪ್‌ಗಳಲ್ಲಿ ಈ ಲೆಕ್ಕ ಸಿದ್ಧವಾಗಿಯೇ ಇರುತ್ತದೆ.

1ಕ್ಕಿಂತ ಕಮ್ಮಿ ಬಂದರೆ ಗುಂಡು ಮಗುಚುತ್ತದೆ. 1ರಿಂದ 1.3ರ ನಡುವೆ ಅಪಾಯದ ಅಂಚು. 1.5 ಮತ್ತು ಮೇಲೆ ನೆಮ್ಮದಿ. ಬೇಟೆಗೆ ನಾನು 1.5ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. 6.5 ಮಿಲಿಮೀಟರ್ ಬೋರ್, 125 ಗ್ರೇನ್ ತೂಕ, 1.35 ಇಂಚು ಉದ್ದದ ತಾಮ್ರದ ಗುಂಡು, ಸೆಕೆಂಡಿಗೆ 2800 ಅಡಿ ವೇಗ, ಸಮುದ್ರಮಟ್ಟ, 15 ಡಿಗ್ರಿ ಸೆಲ್ಸಿಯಸ್. 1:8 ಬ್ಯಾರಲ್‌ನಲ್ಲಿ ಸ್ಥಿರತೆ 1.60. 1:9ರಲ್ಲಿ 1.26. 1:10ರಲ್ಲಿ 1.02. ಒಂದೊಂದು ಇಂಚಿಗೆ ಎಷ್ಟು ಬೀಳುತ್ತದೆ ನೋಡಿ. ಅದೇ ಗುಂಡನ್ನು ಮೈನಸ್ 18 ಡಿಗ್ರಿ ಚಳಿಗೆ ತೆಗೆದುಕೊಂಡು ಹೋದರೆ, ಗಾಳಿ ದಟ್ಟವಾಗಿರುವ ಕಾರಣ 1.60 ಇದ್ದದ್ದು 1.42 ಆಗುತ್ತದೆ. 1.26 ಇದ್ದದ್ದು 1.12ಕ್ಕೆ ಇಳಿಯುತ್ತದೆ. ಎತ್ತರದ ಬೆಟ್ಟದಲ್ಲಿ ಗಾಳಿ ತೆಳುವಾಗಿ ಅಂಕಿ ಮೇಲೇರುತ್ತದೆ. ಅದಕ್ಕೇ ಬೆಟ್ಟದ ಮೇಲೆ ಚೆನ್ನಾಗಿ ಹೊಡೆದ ಲೋಡ್ (ಗುಂಡು-ಮದ್ದಿನ ಜೋಡಣೆ) ಚಳಿಗಾಲದ ಬಯಲಲ್ಲಿ ಕೈಕೊಡಬಹುದು.

ಗುಂಡಿನ ಮೂತಿಗೆ ಪ್ಲಾಸ್ಟಿಕ್ ತುದಿ ಇದ್ದರೆ ಒಂದು ವಿಷಯ ಗಮನಿಸಿ. ಆ ತುದಿಗೆ ತೂಕವೇ ಇಲ್ಲ ಅನ್ನಬಹುದು, ಉದ್ದ ಮಾತ್ರ ಇದೆ. ಮಿಲ್ಲರ್‌ನ ಮೊದಲ ಸೂತ್ರಕ್ಕೆ ಪೂರ್ತಿ ಉದ್ದ ಹಾಕಿದರೆ ಸ್ಥಿರತೆ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. ಇಂಥ ಗುಂಡಿಗೆ ಅಂತಲೇ ತಿದ್ದಿದ ಸೂತ್ರ ಇದೆ. ಆ್ಯಪ್‌ನಲ್ಲಿ ತುದಿಯ ಉದ್ದ ಬೇರೆ ಕೇಳುತ್ತದಾ ನೋಡಿ.

ಕಂಪನಿ ಹೇಳಿದ ಟ್ವಿಸ್ಟ್ ನಂಬಬಹುದಾ?

ಗುಂಡಿನ ಡಬ್ಬಿಯ ಮೇಲೆ ಇಷ್ಟು ಟ್ವಿಸ್ಟ್ ಬೇಕು ಅಂತ ಬರೆದಿದ್ದರೆ ನಂಬಿ. ಬ್ಯಾರಲ್‌ನ ಟ್ವಿಸ್ಟ್ ಅನ್ನು ಮಾತ್ರ ಒಮ್ಮೆ ನೀವೇ ಅಳೆಯಿರಿ. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಹಿಡಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿ. ರಾಡ್ ಮೇಲೆ ಗುರುತು ಹಾಕಿ, ಆ ಗುರುತು ಒಂದು ಸುತ್ತು ಮುಗಿಸುವಷ್ಟರಲ್ಲಿ ರಾಡ್ ಎಷ್ಟು ಇಂಚು ಸಾಗಿತು ಅಂತ ಅಳೆಯಿರಿ. ಅದೇ ನಿಮ್ಮ ಟ್ವಿಸ್ಟ್.

ಟ್ವಿಸ್ಟ್ ಅತಿಯಾದರೆ ಗುಂಡು ಹಾಳಾಗಲ್ವಾ?

ತೆಳು ಹೊದಿಕೆಯ ಸೀಸದ ಗುಂಡಿನಲ್ಲಿ ಆ ಭಯ ನಿಜ. ಸೆಕೆಂಡಿಗೆ 3000 ಅಡಿ ವೇಗದಲ್ಲಿ 1:10 ಬ್ಯಾರಲ್ ನಿಮಿಷಕ್ಕೆ 2,16,000 ಸುತ್ತು ಕೊಡುತ್ತದೆ. 1:8 ಬ್ಯಾರಲ್ 2,70,000 ಸುತ್ತು. ಸೆಕೆಂಡಿಗೆ ಇಷ್ಟು ಅಡಿ ಅನ್ನುವ ವೇಗವನ್ನು 720ರಿಂದ ಗುಣಿಸಿ, ಟ್ವಿಸ್ಟ್‌ನಿಂದ ಭಾಗಿಸಿದರೆ ಈ ಅಂಕಿ ಬರುತ್ತದೆ. ಸಣ್ಣ ಪ್ರಾಣಿಗೆ ಮಾಡಿದ ನಾಜೂಕು ಗುಂಡುಗಳು ಇಂಥ ತಿರುಗಿಗೆ ಹೊದಿಕೆ ಹರಿದು ಗಾಳಿಯಲ್ಲೇ ಪುಡಿಯಾಗುವುದುಂಟು.

ತಾಮ್ರದ ಗುಂಡಿನಲ್ಲಿ ಹರಿಯಲು ಹೊದಿಕೆಯೇ ಇಲ್ಲ. ಒಳಗೆ ಒಂದೇ ಲೋಹ ಇರುವುದರಿಂದ ತೂಕ ಒಂದು ಪಕ್ಕಕ್ಕೆ ವಾಲುವುದೂ ಕಮ್ಮಿ. ಆದ್ದರಿಂದ ಈ ಗುಂಡಿಗೆ ತಿರುಗು ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ. ಅಂಚಿನಲ್ಲಿರುವ ಗುಂಡು ಓಲಾಡುತ್ತಾ ಪ್ರಾಣಿಗೆ ತಾಗಿದರೆ ಟೊಳ್ಳಿನೊಳಗೆ ಒತ್ತಡ ನೇರವಾಗಿ ಹೋಗುವುದಿಲ್ಲ. ಎಸಳು ಸರಿಯಾಗಿ ಬಿರಿಯದೆ ಹೋಗಬಹುದು, ಗುಂಡು ದಾರಿಯೂ ತಪ್ಪಬಹುದು. ಫಾಸ್ಟ್ ಟ್ವಿಸ್ಟ್ ರೈಫಲ್ ಕೈಯಲ್ಲಿದೆ ಅಂದರೆ ನಿಮ್ಮ ಅರ್ಧ ಕೆಲಸ ಆಗಲೇ ಮುಗಿದಿದೆ.

ಎಷ್ಟು ತೂಕದ ಗುಂಡು ಆರಿಸಿಕೊಳ್ಳಲಿ?

ಸೀಸದಲ್ಲಿ ಬಳಸುತ್ತಿದ್ದ ತೂಕಕ್ಕಿಂತ ಒಂದು ಮೆಟ್ಟಿಲು ಕೆಳಗೆ. 6.5 ಕ್ರೀಡ್‌ಮೂರ್ ತೋಟಾದಲ್ಲಿ 140 ಗ್ರೇನ್ ಬಳಸುತ್ತಿದ್ದರೆ 120ರ ಆಸುಪಾಸು. .30-06ರಲ್ಲಿ 180 ಬಳಸುತ್ತಿದ್ದರೆ 150ರಿಂದ 168.

ಹಗುರ ಗುಂಡು ಅಂದರೆ ಬಲ ಕಮ್ಮಿ ಅನ್ನುವ ಹಳೇ ನಂಬಿಕೆ ಸೀಸದ ಕಾಲದ್ದು. ಸೀಸದ ಗುಂಡು ಒಳಗೆ ಹೋಗುತ್ತಾ ತೂಕ ಕಳೆದುಕೊಳ್ಳುತ್ತದೆ. ಆ ನಷ್ಟಕ್ಕೆ ಅಂತಲೇ ನಾವು ಭಾರದ ಗುಂಡು ಬಳಸುತ್ತಿದ್ದೆವು. ತಾಮ್ರ ಕಳೆದುಕೊಳ್ಳುವುದು ತೀರಾ ಕಮ್ಮಿ. ಅದು ಬಿರಿಯಲು ಬೇಕಾದದ್ದು ವೇಗ. ಹಗುರ ಗುಂಡು ಆ ವೇಗ ಕೊಡುತ್ತದೆ, ಉದ್ದವೂ ಕಮ್ಮಿಯಾಗಿ ಸ್ಥಿರತೆ ಏರುತ್ತದೆ, ತೋಟಾದ ಒಳಗೆ ಮದ್ದಿಗೂ ಜಾಗ ಉಳಿಯುತ್ತದೆ. ಫಾಸ್ಟ್ ಟ್ವಿಸ್ಟ್ ಇದೆ ಅಂತ ಸಿಕ್ಕಿದ್ದರಲ್ಲೇ ಅತಿ ಭಾರದ ತಾಮ್ರದ ಗುಂಡು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಅದೇ ತೂಕದ ಸೀಸದ ಗುಂಡಿನ ಲೋಡ್ ಡೇಟಾ ಇದೆ. ಅದನ್ನೇ ಬಳಸಬಹುದಾ?

ಬೇಡ. ಖಂಡಿತಾ ಬೇಡ.

ಗುಂಡು ಉದ್ದ ಇರುವುದರಿಂದ ತೋಟಾದ ಒಳಗೆ ಜಾಸ್ತಿ ಜಾಗ ತಿನ್ನುತ್ತದೆ. ಜಾಗ ಕಮ್ಮಿಯಾದರೆ ಅದೇ ಮದ್ದಿಗೆ ಒತ್ತಡ ಏರುತ್ತದೆ. ಜೊತೆಗೆ ಗಟ್ಟಿ ತಾಮ್ರವನ್ನು ರೈಫ್ಲಿಂಗ್ (ಬ್ಯಾರಲ್ ಒಳಗಿನ ಸುರುಳಿ ಏಣು) ಕೊರೆದುಕೊಂಡು ಹೋಗಲು ಸೀಸಕ್ಕಿಂತ ಜಾಸ್ತಿ ಬಲ ಬೇಕು. ಅದೂ ಒತ್ತಡ ಏರಿಸುತ್ತದೆ. ಗುಂಡಿನ ಮೈಮೇಲೆ ಉಂಗುರದಂತೆ ಕೊರೆದ ತೋಡು ಇದ್ದರೆ ಬ್ಯಾರಲ್‌ಗೆ ತಾಗುವ ಭಾಗ ಕಮ್ಮಿಯಾಗಿ ಒತ್ತಡ ಇಳಿಯುತ್ತದೆ. ಆದರೆ ಎಷ್ಟು ತೋಡು, ಎಷ್ಟು ಆಳ ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಹಾಗಾಗಿ ಒಂದು ತಾಮ್ರದ ಗುಂಡಿನ ಡೇಟಾ ಇನ್ನೊಂದು ತಾಮ್ರದ ಗುಂಡಿಗೂ ಆಗಿಬರುವುದಿಲ್ಲ. 6.5 ಕ್ರೀಡ್‌ಮೂರ್‌ಗೆ ತೋಟಾಗಳಿಗೆ ಮಾನದಂಡ ಇಡುವ ಅಮೆರಿಕದ ಸಾಮಿ ಸಂಸ್ಥೆ ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಅದು ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ ಹುಟ್ಟುತ್ತದೆ.

ನಿಮ್ಮ ಗುಂಡಿಗೆ ಡೇಟಾ ಸಿಗದಿದ್ದರೆ ತಯಾರಕರಿಗೆ ಬರೆದು ಕೇಳಿ. ಅಲ್ಲೂ ಸಿಗದಿದ್ದರೆ ಡೇಟಾ ಇರುವ ಬೇರೆ ಗುಂಡು ತಗೊಳ್ಳಿ.

ಲೋಡ್ ಎಲ್ಲಿಂದ ಶುರು ಮಾಡಲಿ, ಎಲ್ಲಿ ನಿಲ್ಲಿಸಲಿ?

ಮ್ಯಾನುಯಲ್ ಹೇಳುವ ಶುರುವಿನ ಲೋಡ್‌ನಿಂದಲೇ ಶುರು. ಅದಕ್ಕಿಂತ ಕೆಳಗೂ ಹೋಗಬೇಡಿ. ನಿಧಾನಕ್ಕೆ ಉರಿಯುವ ಮದ್ದನ್ನು ತೀರಾ ಕಮ್ಮಿ ಹಾಕಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಅಪಾಯ ತರಬಹುದು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ. ತಕ್ಕಡಿಯನ್ನು ತೂಕದ ಬಟ್ಟಿನಿಂದ ಪರೀಕ್ಷಿಸಿ. ಪಕ್ಕದಲ್ಲಿ ಫೋನ್ ಬೇಡ, ಮಾತು ಬೇಡ.

ಅಲ್ಲಿಂದ ಸಣ್ಣ ಹೆಜ್ಜೆಗಳಲ್ಲಿ ಮೇಲೇರಿ. ಪ್ರತಿ ಹೆಜ್ಜೆಯಲ್ಲೂ ಕ್ರೋನೋಗ್ರಾಫ್ ಇಟ್ಟು ವೇಗ ಬರೆದುಕೊಳ್ಳಿ. ನನ್ನ ಮಟ್ಟಿಗೆ ಕ್ರೋನೋಗ್ರಾಫ್ ಇಲ್ಲದೆ ತಾಮ್ರದ ಗುಂಡಿಗೆ ಲೋಡ್ ಕಟ್ಟುವುದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ವೇಗ ಸುಮ್ನೆ ಬರುವುದಿಲ್ಲ, ಒತ್ತಡದಿಂದ ಬರುತ್ತದೆ. ಮ್ಯಾನುಯಲ್‌ನ ಗರಿಷ್ಠ ಲೋಡ್‌ಗೆ ಬರೆದಿರುವ ವೇಗ ನಿಮಗೆ ಅದಕ್ಕಿಂತ ಕಮ್ಮಿ ಮದ್ದಿನಲ್ಲೇ ಬಂತು ಅಂದರೆ, ನಿಮ್ಮ ರೈಫಲ್ ಆಗಲೇ ಆ ಗರಿಷ್ಠದ ಹತ್ತಿರ ಇದೆ ಅಂತ ತಿಳಿದು ಅಲ್ಲೇ ನಿಲ್ಲಿಸಿ. ಬ್ಯಾರಲ್ ಉದ್ದ ಬೇರೆ ಇದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಒಂದು ಇಂಚಿಗೆ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ವ್ಯತ್ಯಾಸ ಬರುತ್ತದೆ.

ಬೋಲ್ಟ್ ಎತ್ತಲು ಬಿಗಿಯಾಗುವುದು, ಕೇಸ್‌ನ (ತೋಟಾದ ಚಿಪ್ಪಿನ) ಬುಡದಲ್ಲಿ ಅದನ್ನು ಹೊರಗೆಸೆಯುವ ಎಜೆಕ್ಟರ್‌ನ ಹೊಳಪು ಗುರುತು, ಮದ್ದು ಹೊತ್ತಿಸುವ ಪ್ರೈಮರ್ ಚಪ್ಪಟೆಯಾಗಿ ಅಂಚು ತುಂಬಿಕೊಳ್ಳುವುದು, ಪ್ರೈಮರ್ ಕೂರುವ ಗುಳಿ ಸಡಿಲವಾಗುವುದು. ಇವುಗಳಲ್ಲಿ ಒಂದು ಕಂಡರೂ ಅವತ್ತಿನ ಕೆಲಸ ಮುಗಿಯಿತು. ಆ ಲೋಡ್‌ನಲ್ಲಿ ಉಳಿದ ತೋಟಾಗಳನ್ನು ಮನೆಗೆ ತಂದು ಬಿಚ್ಚಿ. ಇನ್ನೊಂದು ಮಾತು: ಈ ಗುರುತುಗಳು ಕಾಣುವುದು ಒತ್ತಡ ಮಿತಿ ದಾಟಿದ ಮೇಲೆ. ಗುರುತು ಇಲ್ಲ ಅಂದಮಾತ್ರಕ್ಕೆ ಒತ್ತಡ ಸರಿಯಿದೆ ಅಂತ ಅಲ್ಲ.

ಗುಂಡನ್ನು ರೈಫ್ಲಿಂಗ್‌ನಿಂದ ಎಷ್ಟು ಹಿಂದೆ ಕೂರಿಸಬೇಕು?

ಸೀಸದ ಟಾರ್ಗೆಟ್ ಗುಂಡು ಹೊಡೆದು ರೂಢಿ ಇರುವವರು ಇಲ್ಲೇ ಎಡವುವುದು. ಅವರು ಗುಂಡನ್ನು ರೈಫ್ಲಿಂಗ್‌ಗೆ ಮುಟ್ಟಿಸುವಷ್ಟು ಹತ್ತಿರ ಇಡುತ್ತಾರೆ. ತಾಮ್ರಕ್ಕೆ ಹಾರುವ ಜಾಗ ಬೇಕು. ಬಾರ್ನ್ಸ್ ಕಂಪನಿ ಹೇಳುವ ಶುರುವಿನ ಅಂತರ 0.050 ಇಂಚು. ಅಲ್ಲಿಂದ ಹಿಂದಕ್ಕೆ 0.010 ಇಂಚಿನ ಹೆಜ್ಜೆಯಲ್ಲಿ ಹೋಗಿ ನೋಡಿ. 0.100 ದಾಟಿದ ಮೇಲೆ ಗ್ರೂಪ್ (ಗುರಿ ಕಾಗದದ ಮೇಲೆ ಗುಂಡುಗಳು ಬಿದ್ದ ಗುಂಪು) ಕೂಡಿಕೊಂಡ ರೈಫಲ್‌ಗಳೂ ಇವೆ. ಆದರೆ ಮ್ಯಾನುಯಲ್ ಹೇಳಿದ ತೋಟಾ ಉದ್ದಕ್ಕಿಂತ ಒಳಗೆ ತಳ್ಳುವುದಾದರೆ ತೋಟಾದೊಳಗೆ ಜಾಗ ಕಮ್ಮಿಯಾಗುತ್ತದೆ. ಮದ್ದನ್ನು ಇಳಿಸಿ ಮತ್ತೆ ಕೆಳಗಿನಿಂದ ಏರಬೇಕು.

ಉದ್ದವನ್ನು ಮೂತಿಯ ತುದಿಯಿಂದ ಅಳೆಯಬೇಡಿ. ಕಂಪ್ಯಾರೇಟರ್ ಎಂಬ ಅಳತೆ ಸಾಧನ ಹಾಕಿ ಗುಂಡಿನ ಹೆಗಲಿನಿಂದ ಅಳೆಯಿರಿ. ಗುಂಡನ್ನು ತೋಟಾಕ್ಕೆ ಕೂರಿಸುವ ಸೀಟಿಂಗ್ ಡೈನ ಕಡ್ಡಿ ಪ್ಲಾಸ್ಟಿಕ್ ತುದಿಯನ್ನು ಒತ್ತುತ್ತಿದ್ದರೆ ಆ ಗುಂಡಿನ ಆಕಾರಕ್ಕೆ ಹೊಂದುವ ಕಡ್ಡಿ ಬೇಕು. ಇಲ್ಲದಿದ್ದರೆ ಒಂದೊಂದು ತೋಟಾ ಒಂದೊಂದು ಉದ್ದ ಬರುತ್ತದೆ.

ಎಲ್ಲ ಆದಮೇಲೆ ಮ್ಯಾಗಜೀನ್‌ಗೆ ಹಾಕಿ ನೋಡಿ. ಒಳಗೆ ಕೂರದ ತೋಟಾದಿಂದ ಬೇಟೆಗೆ ಉಪಯೋಗ ಇಲ್ಲ.

ಮೂರು ಗುಂಡಿನ ಗ್ರೂಪ್ ನಾಣ್ಯದಷ್ಟು ಚಿಕ್ಕದು ಬಂತು. ಲೋಡ್ ಸಿಕ್ಕಿತು ಅಲ್ವಾ?

ಇನ್ನೂ ಇಲ್ಲ. ಮೂರು ಗುಂಡು ಅದೃಷ್ಟದಿಂದಲೂ ಒಂದೇ ಕಡೆ ಬೀಳುತ್ತವೆ. ಅದೇ ಲೋಡ್‌ನಲ್ಲಿ ಮುಂದಿನ ಮೂರು ಒಂದೂವರೆ ಇಂಚು ಹರಡಬಹುದು. ಎರಡನ್ನೂ ಹೊಡೆದದ್ದು ಅದೇ ರೈಫಲ್.

ವೇಗದ ಏರಿಳಿತಕ್ಕೂ ಇದೇ ಮಾತು. ಐದು ಗುಂಡು ಹೊಡೆದು ಸ್ಟ್ಯಾಂಡರ್ಡ್ ಡೀವಿಯೇಶನ್ ಸೆಕೆಂಡಿಗೆ 10 ಅಡಿ ಬಂತು ಅನ್ನಿ. ಸಂಖ್ಯಾಶಾಸ್ತ್ರದ ಪ್ರಕಾರ, 95 ಪ್ರತಿಶತ ಭರವಸೆಯಲ್ಲಿ ಹೇಳಬಹುದಾದದ್ದು ಇಷ್ಟೇ: ನಿಜವಾದ ಅಂಕಿ 6ರಿಂದ 29ರ ನಡುವೆ ಎಲ್ಲೋ ಇದೆ. ಇಪ್ಪತ್ತು ಗುಂಡು ಹೊಡೆದು 10 ಬಂದರೆ ಅದು 7.6ರಿಂದ 14.6ರ ನಡುವೆ ಇರುತ್ತದೆ. ಎಷ್ಟೋ ಜನ ಐದೈದು ಗುಂಡಿನ ವ್ಯತ್ಯಾಸವನ್ನೇ ನಂಬಿ, ಇರದ ಗುಟ್ಟನ್ನು ಹುಡುಕುತ್ತಾ ಡಬ್ಬಿಗಟ್ಟಲೆ ಗುಂಡು ಮುಗಿಸುತ್ತಾರೆ.

ತಾಮ್ರದ ಗುಂಡು ದುಬಾರಿ, ನಿಜ. ಅದಕ್ಕೆ ನನ್ನ ದಾರಿ ಹೀಗಿದೆ. ಮೇಲೇರುವಾಗ ಒಂದೊಂದು ಹೆಜ್ಜೆಗೆ ಒಂದೇ ಗುಂಡು, ವೇಗ ಮತ್ತು ಒತ್ತಡ ನೋಡಲು ಮಾತ್ರ. ಆಮೇಲೆ ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ ಒಂದು ಲೋಡ್ ಆರಿಸಿ, ಎರಡು ಮೂರು ಸೀಟಿಂಗ್ ಅಂತರದಲ್ಲಿ ಐದೈದು. ತೀರಾ ಕೆಟ್ಟದ್ದನ್ನು ಕೈಬಿಟ್ಟು, ಉಳಿದದ್ದರಲ್ಲಿ ಹತ್ತು ಗುಂಡಿನ ಗ್ರೂಪ್. 100 ಗಜದಲ್ಲಿ ಆ ಹತ್ತೂ ಒಂದೂವರೆ ಇಂಚಿನೊಳಗೆ ಬಂದರೆ ಬೇಟೆಗೆ ಅದು ಒಳ್ಳೆಯ ಲೋಡ್. ಉಳಿದ ಗುಂಡನ್ನು ನಿಂತು, ಮಂಡಿಯೂರಿ, ಮರಕ್ಕೆ ಆನಿಸಿ ಹೊಡೆಯುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಗ್ರೂಪ್ ಚೆನ್ನಾಗಿತ್ತು, ಈಗ ದಿನೇ ದಿನೇ ಹರಡುತ್ತಿದೆ. ಯಾಕೆ?

ಮೊದಲು ಬ್ಯಾರಲ್ ನೋಡಿ. ತಾಮ್ರ ಬ್ಯಾರಲ್‌ಗೆ ಅಂಟುತ್ತದೆ. ಮೊದಲ ಎಕ್ಸ್ ಗುಂಡುಗಳ ಮೇಲೆ ಇದ್ದ ದೊಡ್ಡ ದೂರೇ ಇದು. 2003ರಲ್ಲಿ ಬಂದ ಟಿಎಸ್‌ಎಕ್ಸ್ ಗುಂಡಿನ ಮೈಮೇಲೆ ತೋಡು ಕೊರೆದ ಮೇಲೆ ಆ ತೊಂದರೆ ಬಹಳ ಇಳಿಯಿತು. ಆದರೂ ಪೂರ್ತಿ ಹೋಗಿಲ್ಲ. ಹೊದಿಕೆ ಗುಂಡು ಹೊಡೆದ ಬ್ಯಾರಲ್‌ನಲ್ಲಿ ಹಾಗೇ ತಾಮ್ರದ ಗುಂಡು ಹೊಡೆದರೆ ಗ್ರೂಪ್ ಕೂಡುವುದೇ ಇಲ್ಲ ಅನ್ನುವ ರೈಫಲ್‌ಗಳಿವೆ. ಲೋಡ್ ಕಟ್ಟುವ ಮೊದಲು ತಾಮ್ರ ಕರಗಿಸುವ ದ್ರಾವಣದಿಂದ, ಬಟ್ಟೆಯ ಮೇಲೆ ನೀಲಿ ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ರಾಡ್ ತುದಿಗೆ ಬಟ್ಟೆ ಹಿಡಿಸುವ ಹಿತ್ತಾಳೆಯ ಜಾಗ್ ಕೂಡ ಸುಳ್ಳು ನೀಲಿ ಬಿಡುತ್ತದೆ. ಆಮೇಲೆ ಗ್ರೂಪ್ ಕೂಡಲು ಕೆಲವು ಗುಂಡು ಬೇಕಾಗುತ್ತದೆ. ಬೇಟೆಗೆ ಹೋಗುವ ಮುನ್ನ ಹೊಳೆಯುವ ಹಾಗೆ ಒರೆಸಿಕೊಂಡು ಹೋಗಬೇಡಿ.

ಬ್ಯಾರಲ್ ಸರಿಯಿದ್ದರೆ ಸ್ಕೋಪ್ ಸ್ಕ್ರೂ ನೋಡಿ.

ಎಷ್ಟು ದೂರದವರೆಗೆ ಹೊಡೆಯಬಹುದು?

ಇದಕ್ಕೆ ಉತ್ತರ ವೇಗದಲ್ಲಿದೆ. ತಾಮ್ರದ ಗುಂಡು ಬಿರಿಯಲು ಪ್ರಾಣಿಗೆ ತಾಗುವಾಗ ಒಂದು ಕನಿಷ್ಠ ವೇಗ ಬೇಕು. ಅದಕ್ಕಿಂತ ಕೆಳಗೆ ಮೂತಿ ಮುಚ್ಚಿಕೊಂಡೇ ದಬ್ಬಳದ ಹಾಗೆ ಸಣ್ಣ ತೂತು ಮಾಡಿ ಹೊರಗೆ ಹೋಗುತ್ತದೆ. ಪ್ರಾಣಿ ಓಡುತ್ತದೆ, ಎಲ್ಲೋ ಬಿದ್ದು ಗಂಟೆಗಟ್ಟಲೆ ನರಳುತ್ತದೆ. ಬಹಳಷ್ಟು ಗುಂಡುಗಳಿಗೆ ಈ ಮಿತಿ ಸೆಕೆಂಡಿಗೆ 1800ರಿಂದ 2000 ಅಡಿ. ದೂರಕ್ಕೆ ಅಂತಲೇ ಮೃದುವಾಗಿ ಮಾಡಿದ ಕೆಲವು ಇನ್ನೂ ಕಮ್ಮಿಯಲ್ಲೂ ಬಿರಿಯುತ್ತವೆ.

ತಯಾರಕರು ಹೇಳಿದ ಕನಿಷ್ಠ ವೇಗಕ್ಕೆ ನಾನು ಸೆಕೆಂಡಿಗೆ 200 ಅಡಿ ಸೇರಿಸಿಕೊಳ್ಳುತ್ತೇನೆ. ಕ್ರೋನೋಗ್ರಾಫ್ ತೋರಿಸಿದ ನಿಜವಾದ ವೇಗವನ್ನು ಆ್ಯಪ್‌ಗೆ ಹಾಕಿ, ಗುಂಡಿನ ವೇಗ ಆ ಅಂಕಿಗೆ ಇಳಿಯುವ ದೂರ ನೋಡುತ್ತೇನೆ. ಅದೇ ನನ್ನ ಗಡಿ. ಆ ದೂರದಲ್ಲಿ ಗ್ರೂಪ್ ಎಷ್ಟೇ ಚೆನ್ನಾಗಿರಲಿ, ಗಡಿ ದಾಟುವುದಿಲ್ಲ. ಚಿಕ್ಕ ಬ್ಯಾರಲ್ ಇದ್ದವರಿಗೆ ಈ ಗಡಿ ಅಂದುಕೊಂಡದ್ದಕ್ಕಿಂತ ತುಂಬಾ ಹತ್ತಿರ ಬರುತ್ತದೆ.

ಗುರಿ ಇಡುವ ಜಾಗ ಬದಲಾಗಬೇಕಾ?

ಸ್ವಲ್ಪ. ಸೀಸದ ಗುಂಡು ಚೂರಾಗಿ ಶ್ವಾಸಕೋಶದ ತುಂಬ ಹರಡುತ್ತದೆ. ತಾಮ್ರದ್ದು ಅಷ್ಟು ಅಗಲಕ್ಕೆ ಹೋಗುವುದಿಲ್ಲ, ಆದರೆ ಆಳಕ್ಕೆ ಹೋಗುತ್ತದೆ, ಮೂಳೆ ಸಿಕ್ಕರೂ ನಿಲ್ಲುವುದು ಅಪರೂಪ. ಆದ್ದರಿಂದ ಪಕ್ಕೆಲುಬಿನ ಹಿಂಭಾಗಕ್ಕಿಂತ ಹೆಗಲಿನ ಕಡೆಗೆ ಗುರಿ ತಂದರೆ ಪ್ರಾಣಿ ಬೇಗ ಬೀಳುತ್ತದೆ. ಗುಂಡು ಆಚೆ ಬದಿಯಿಂದ ಹೊರಬರುವುದೇ ಜಾಸ್ತಿ. ಪ್ರಾಣಿಯ ಹಿಂದೆ ಏನಿದೆ, ಯಾರಿದ್ದಾರೆ ಅಂತ ನೋಡದೆ ಟ್ರಿಗರ್ ಮುಟ್ಟಬೇಡಿ.

ಇಷ್ಟೆಲ್ಲ ಕಷ್ಟಪಟ್ಟು ಸೀಸ ಬಿಡಬೇಕಾ?

ಕೆಲವು ಕಡೆ ಕಾನೂನೇ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವ ಹಾಗಿಲ್ಲ. ಅಲ್ಲಿನ ಕಾಂಡೋರ್ ರಣಹದ್ದುಗಳು ಬೇಟೆಗಾರರು ಬಿಟ್ಟುಹೋದ ಕರುಳು ತಿಂದು, ಅದರಲ್ಲಿದ್ದ ಸೀಸದ ಚೂರಿನಿಂದ ವಿಷವೇರಿ ಸಾಯುತ್ತಿದ್ದವು. ಎಕ್ಸ್‌ರೇ ತೆಗೆದರೆ ಆ ಚೂರುಗಳು ಗಾಯದಿಂದ ಎಷ್ಟೋ ದೂರದ ಮಾಂಸದಲ್ಲೂ ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಅದೇ ಮಾಂಸವನ್ನು ನಾವು ಮಕ್ಕಳಿಗೆ ಬಡಿಸುತ್ತೇವೆ. ಕಾನೂನು ಇಲ್ಲದ ಕಡೆಯೂ ನಾನು ಬದಲಾದದ್ದು ಇದಕ್ಕೇ.

ಬೇಟೆಗೆ ಹೊರಡುವ ಮುಂಚೆ ಕೊನೆಯದಾಗಿ ಏನು ನೋಡಲಿ?

ತುಂಬಿದ ಪ್ರತಿ ತೋಟಾವನ್ನೂ ಶೂಟಿಂಗ್ ರೇಂಜ್‌ನಲ್ಲಿ ಒಮ್ಮೆ ಚೇಂಬರ್‌ಗೆ ಹಾಕಿ ತೆಗೆಯಿರಿ, ಬೋಲ್ಟ್ ಸಲೀಸಾಗಿ ಮುಚ್ಚಬೇಕು. ತಣ್ಣಗಿನ ಬ್ಯಾರಲ್‌ನಿಂದ ಒಂದೇ ಒಂದು ಗುಂಡು ಹೊಡೆದು ಎಲ್ಲಿ ಬಿತ್ತು ನೋಡಿ. ಬೇರೆ ಬೇರೆ ಮೂರು ದಿನ ಹೀಗೆ ಮಾಡಿ. ಡಬ್ಬಿಯ ಮೇಲೆ ಗುಂಡು, ಮದ್ದು, ಪ್ರೈಮರ್, ಕೇಸ್, ತೋಟಾ ಉದ್ದ, ತಾರೀಖು ಬರೆದು ಅಂಟಿಸಿ. ಹೊಸ ಲಾಟ್‌ನ ಮದ್ದು ತೆರೆದ ದಿನ ಲೋಡ್ ಇಳಿಸಿ ಮತ್ತೆ ಪರೀಕ್ಷೆ ಮಾಡಿ.